ಹಳೆಯ ಲಿನಕ್ಸ್ ಡೆಸ್ಕ್‌ಟಾಪ್‌ಗೆ ಹೊಸ ಬಿಡಿಭಾಗ: ಬಳ್ಳಾರಿ, ರಾಯಚೂರು, ಕೊಪ್ಪಳದ ಬಿಸಿಲು-ಧೂಳಿನಲ್ಲಿ ಬಾಳುವ ಹಾಗೆ

2013ರಿಂದ 2016ರ ನಡುವೆ ಕೊಂಡ ಡೆಸ್ಕ್‌ಟಾಪ್‌ಗಳು ನಮ್ಮ ಭಾಗದ ಮನೆಗಳಲ್ಲಿ ಇನ್ನೂ ಬೇಕಾದಷ್ಟಿವೆ. 4ನೇ ತಲೆಮಾರಿನ ಕೋರ್ ಐ3, ಎಚ್81 ಚಿಪ್‌ಸೆಟ್‌ನ ಮದರ್‌ಬೋರ್ಡ್, 4 ಜಿಬಿ ಡಿಡಿಆರ್3 ರ‍್ಯಾಮ್, 500 ಜಿಬಿ ಹಾರ್ಡ್ ಡಿಸ್ಕ್, ಕ್ಯಾಬಿನೆಟ್ ಜೊತೆಗೇ ಬಂದ, ಒಳಗಿನ ಭಾಗಗಳಿಗೆ ಕರೆಂಟು ಹಂಚುವ ಡಬ್ಬಿಯಾದ ಎಸ್‌ಎಂಪಿಎಸ್. ಇವುಗಳನ್ನು ವಿಂಡೋಸ್ 11 ಒಪ್ಪುವುದಿಲ್ಲ. ವಿಂಡೋಸ್ 10ಕ್ಕೆ ಉಚಿತ ಭದ್ರತಾ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹಾಗಾಗಿ ಕೆಲವರು ಮೊದಲೇ, ಕೆಲವರು ಈಚೆಗೆ ಲಿನಕ್ಸ್ ಮಿಂಟ್ ಅಥವಾ ಉಬುಂಟು ಹಾಕಿಕೊಂಡಿದ್ದಾರೆ. ಆದರೂ ಬ್ರೌಸರ್ ತೆರೆಯಲು ಅರ್ಧ ನಿಮಿಷ ಕಾಯಬೇಕು, ನಾಲ್ಕು ಟ್ಯಾಬ್ ತೆರೆದರೆ ಡಿಸ್ಕ್ ಕರಕರ ಎನ್ನುತ್ತದೆ. ಈ ಮಾರ್ಗದರ್ಶಿ ಅಂಥ ಯಂತ್ರಕ್ಕೆ.

ಹಣ ಹಾಕುವ ಕ್ರಮ ಮೊದಲು ಗೊತ್ತಿರಲಿ: ಅರ್ಥಿಂಗ್ ಮತ್ತು ಯುಪಿಎಸ್, ಆಮೇಲೆ ಧೂಳು ತೆಗೆಯುವುದು, ಆಮೇಲೆ ಎಸ್‌ಎಸ್‌ಡಿ (ತಿರುಗುವ ತಟ್ಟೆಗಳಿಲ್ಲದ ವೇಗದ ಡಿಸ್ಕ್), ಆಮೇಲೆ ರ‍್ಯಾಮ್. ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಬೇಕಾಗುವುದೇ ಅಪರೂಪ. ಬೆಂಗಳೂರಿನ ಎಸಿ ಕೋಣೆಯಲ್ಲಿ ಕೂತವರು ಬರೆದ ಸಲಹೆಗಳಲ್ಲಿ ಮೊದಲ ಎರಡು ಇರುವುದಿಲ್ಲ. ಏಪ್ರಿಲ್-ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ರಾಯಚೂರಿನಲ್ಲಿ ಅವೆರಡನ್ನು ಬಿಟ್ಟು ಹೊಸ ಎಸ್‌ಎಸ್‌ಡಿ ಹಾಕುವುದು ಸೋರುವ ಟ್ಯಾಂಕಿಗೆ ನೀರು ತುಂಬಿಸಿದ ಹಾಗೆ.

ಖರ್ಚಿಗೆ ಮುನ್ನ ಯಂತ್ರದ ಪರೀಕ್ಷೆ

ಕ್ಯಾಬಿನೆಟ್‌ನ ಪಕ್ಕದ ಮುಚ್ಚಳ ತೆಗೆದು ಟಾರ್ಚ್ ಹಿಡಿದು ಮದರ್‌ಬೋರ್ಡ್ ನೋಡಿ. ಪ್ರೊಸೆಸರ್ ಸುತ್ತ ನಿಂತಿರುವ ಸಣ್ಣ ಡಬ್ಬಿಯಾಕಾರದ ಕೆಪಾಸಿಟರ್‌ಗಳ ತಲೆ ಚಪ್ಪಟೆಯಾಗಿರಬೇಕು. ಉಬ್ಬಿದ್ದರೆ, ಕಂದು ಬಣ್ಣದ ಅಂಟು ಸೋರಿದ್ದರೆ ಆ ಬೋರ್ಡಿಗೆ ಒಂದು ರೂಪಾಯಿಯನ್ನೂ ಹಾಕಬೇಡಿ. ಎಲ್‌ಜಿಎ775 ಸಾಕೆಟ್‌ನ ಕೋರ್ 2 ಡ್ಯುಯೋ ಯಂತ್ರಗಳಿಗೂ ಇದೇ ಮಾತು. ನವೀಕರಣದ ಒಟ್ಟು ಖರ್ಚು, 8ನೇ ತಲೆಮಾರಿನ ಪ್ರೊಸೆಸರ್ ಇರುವ ಸೆಕೆಂಡ್‌ಹ್ಯಾಂಡ್ ಆಫೀಸ್ ಕಂಪ್ಯೂಟರಿನ ಬೆಲೆಯ ಅರ್ಧ ದಾಟುತ್ತದೆ ಎಂದಾದರೆ ಅದನ್ನೇ ಕೊಳ್ಳುವುದು ಲೇಸು. ಆದರೆ ಡೆಲ್ ಆಪ್ಟಿಪ್ಲೆಕ್ಸ್, ಎಚ್‌ಪಿ ಎಲೈಟ್‌ಡೆಸ್ಕ್, ಲೆನೊವೊ ಥಿಂಕ್‌ಸೆಂಟರ್‌ಗಳ ಹಲವು ಮಾದರಿಗಳಲ್ಲಿ ಎಸ್‌ಎಂಪಿಎಸ್‌ನ ಪಿನ್ನುಗಳು ಆಯಾ ಕಂಪನಿಯವೇ ಬೇರೆ. ಅದು ಸುಟ್ಟರೆ ಊರಿನ ಅಂಗಡಿಯ ಸಾಮಾನ್ಯ ಎಸ್‌ಎಂಪಿಎಸ್ ಕೂರುವುದಿಲ್ಲ.

ಮುಂದೆ ಹಳೆಯ ಡಿಸ್ಕ್‌ನ ಆರೋಗ್ಯ. ಮಿಂಟ್‌ನ ‘ಡಿಸ್ಕ್ಸ್’ ಅಪ್ಲಿಕೇಷನ್ ತೆರೆದು, ಡಿಸ್ಕ್ ಆರಿಸಿ, ಮೂರು ಚುಕ್ಕಿಯ ಮೆನುವಿನಲ್ಲಿ ಸ್ಮಾರ್ಟ್ ಡೇಟಾ (ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ಬರೆದಿಡುವ ಲೆಕ್ಕ) ನೋಡಿ. ಮೂರು ಸಾಲು ಸಾಕು. 5ನೇ ಸಂಖ್ಯೆಯ ರೀಅಲೊಕೇಟೆಡ್ ಸೆಕ್ಟರ್ ಮತ್ತು 197ನೇ ಪೆಂಡಿಂಗ್ ಸೆಕ್ಟರ್ ಸೊನ್ನೆ ಇರಬೇಕು. ಏರುತ್ತಿದ್ದರೆ ಆ ಡಿಸ್ಕ್ ಸಾಯುತ್ತಿದೆ, ಇವತ್ತೇ ಕಡತಗಳ ಪ್ರತಿ (ಬ್ಯಾಕಪ್) ಮಾಡಿಕೊಳ್ಳಿ. 199ನೇ ಸಿಆರ್‌ಸಿ ಎರರ್ ಏರುತ್ತಿದ್ದರೆ ಹೆಚ್ಚಿನ ಸಲ ತಪ್ಪು ಡಿಸ್ಕಿನದಲ್ಲ, ಅದನ್ನು ಬೋರ್ಡಿಗೆ ಜೋಡಿಸುವ ಸಾಟಾ ಕೇಬಲ್‌ನದು. ಕೇಬಲ್ ಬದಲಿಸಿ ಒಂದು ವಾರ ಬಿಟ್ಟು ನೋಡಿ.

ಕರೆಂಟು ಮತ್ತು ಅರ್ಥಿಂಗ್

ಬರಿಗಾಲಲ್ಲಿ ನಿಂತು ಕ್ಯಾಬಿನೆಟ್‌ನ ತಗಡು ಮುಟ್ಟಿದಾಗ ಜುಮ್ಮೆನ್ನುತ್ತದೆಯೇ? ಹಾಗಿದ್ದರೆ ಆ ಪ್ಲಗ್ಗಿಗೆ ಅರ್ಥ್ ಇಲ್ಲ. ಎಸ್‌ಎಂಪಿಎಸ್ ಒಳಗಿನ ಫಿಲ್ಟರ್ ಕೆಪಾಸಿಟರ್‌ಗಳು ಫೇಸ್ ಮತ್ತು ನ್ಯೂಟ್ರಲ್ ಎರಡರಿಂದಲೂ ಚಾಸಿಗೆ, ಅಂದರೆ ಕ್ಯಾಬಿನೆಟ್ಟಿನ ತಗಡಿಗೆ, ಸಣ್ಣ ಸೋರಿಕೆ ಬಿಡುತ್ತವೆ. ಅರ್ಥ್ ಇದ್ದರೆ ಅದು ಭೂಮಿಗೆ ಹರಿಯುತ್ತದೆ. ಇಲ್ಲದಿದ್ದರೆ ಚಾಸಿ ಸುಮಾರು ಅರ್ಧ ಲೈನ್ ವೋಲ್ಟೇಜ್‌ನಲ್ಲಿ ನಿಲ್ಲುತ್ತದೆ. ಟಿವಿಗೆ ಎಚ್‌ಡಿಎಂಐ ಚುಚ್ಚುವಾಗ ಪೋರ್ಟ್ ಸುಡುವುದು ಇದರಿಂದಲೇ.

ಎಲೆಕ್ಟ್ರಿಷಿಯನ್ ಕರೆಸಿ ಮಲ್ಟಿಮೀಟರಿನಲ್ಲಿ ನ್ಯೂಟ್ರಲ್ ಮತ್ತು ಅರ್ಥ್ ನಡುವಿನ ವೋಲ್ಟೇಜ್ ಅಳೆಸಿ. 2-3 ವೋಲ್ಟ್ ಒಳಗಿದ್ದರೆ ಚಿಂತೆಯಿಲ್ಲ. 5 ದಾಟಿದರೆ, ಅಥವಾ ಫೇಸ್-ಅರ್ಥ್ ಅಳತೆ ಫೇಸ್-ನ್ಯೂಟ್ರಲ್‌ಗಿಂತ ತೀರ ಕಡಿಮೆ ಬಂದರೆ, ಅರ್ಥಿಂಗ್ ದುರಸ್ತಿ ಬೇಕು. ನಮ್ಮ ಎರೆ ಭೂಮಿ ಬೇಸಿಗೆಯಲ್ಲಿ ಒಣಗಿ ಬಿರುಕು ಬಿಡುವಾಗ ಅರ್ಥ್ ಕಂಬಿಯ ಸುತ್ತ ಮಣ್ಣಿನ ಹಿಡಿತ ತಪ್ಪುತ್ತದೆ. ಮಳೆಗಾಲದಲ್ಲಿ ಸರಿ ಇದ್ದ ಅರ್ಥ್ ಮಾರ್ಚ್‌ನಲ್ಲಿ ಕೈಕೊಡುವುದಕ್ಕೆ ಇದೇ ಕಾರಣ. ಬೇಸಿಗೆಯಿಡೀ ಅರ್ಥ್ ಗುಂಡಿಗೆ ಆಗಾಗ ಬಕೆಟ್ ನೀರು ಸುರಿಯಿರಿ.

ಯುಪಿಎಸ್ 600 ವಿಎ ಸಾಕು. ಐ3 ಡೆಸ್ಕ್‌ಟಾಪ್ ಮತ್ತು ಎಲ್‌ಇಡಿ ಮಾನಿಟರ್ ಸೇರಿ ಸಾಮಾನ್ಯ ಕೆಲಸದಲ್ಲಿ 100 ವ್ಯಾಟ್ ಆಸುಪಾಸು ಎಳೆಯುತ್ತವೆ. ಕಡತ ಉಳಿಸಿ ಶಟ್‌ಡೌನ್ ಮಾಡುವಷ್ಟು ಹೊತ್ತು ಸಿಕ್ಕರೆ ಆಯಿತು. ಒಳಗಿನ 12 ವೋಲ್ಟ್ 7 ಆಂಪಿಯರ್-ಅವರ್ ಬ್ಯಾಟರಿ ತಂಪು ಜಾಗದಲ್ಲಿ ಮೂರು ವರ್ಷ ಬಂದರೆ ಇಲ್ಲಿನ ಸೆಖೆಯಲ್ಲಿ ಅಷ್ಟು ಬಾರದು. ಲೆಡ್-ಆಸಿಡ್ ಬ್ಯಾಟರಿಯ ಆಯಸ್ಸು ಪ್ರತಿ 10 ಡಿಗ್ರಿ ಏರಿಕೆಗೆ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಮನೆಗೆ ಇನ್ವರ್ಟರ್ ಇದ್ದರೆ ಅದರ ಹಿಂದಿನ ಸ್ವಿಚ್ಚನ್ನು ಯುಪಿಎಸ್ ಮೋಡ್‌ಗೆ ಹಾಕಿ. ಸಾಮಾನ್ಯ ಮೋಡ್‌ನಲ್ಲಿ ಬದಲಾಗುವ ಹೊತ್ತಿಗೆ ಕಂಪ್ಯೂಟರ್ ರೀಸ್ಟಾರ್ಟ್ ಆಗಬಹುದು. ಹಳೆಯ ಸ್ಕ್ವೇರ್ ವೇವ್ ಇನ್ವರ್ಟರ್‌ಗೆ ಆಕ್ಟಿವ್ ಪಿಎಫ್‌ಸಿ (ಕರೆಂಟು ಎಳೆಯುವ ರೀತಿಯನ್ನು ಸರಿಪಡಿಸುವ ಸರ್ಕ್ಯೂಟ್) ಇರುವ ಒಳ್ಳೆಯ ಎಸ್‌ಎಂಪಿಎಸ್ ಕೆಲವೊಮ್ಮೆ ಹೊಂದುವುದೇ ಇಲ್ಲ, ಸೈನ್ ವೇವ್ ಇನ್ವರ್ಟರ್ ಬೇಕು.

ಕ್ಯಾಬಿನೆಟ್ ಜೊತೆ ಬಂದ ಎಸ್‌ಎಂಪಿಎಸ್ ಮೇಲೆ 450 ವ್ಯಾಟ್ ಎಂದು ಬರೆದಿರುತ್ತದೆ. ಅದನ್ನು ನಂಬದೆ ಪಕ್ಕದ ಪಟ್ಟಿಯಲ್ಲಿ 12 ವೋಲ್ಟ್ ಸಾಲಿನ ಆಂಪಿಯರ್ ನೋಡಿ, 12ರಿಂದ ಗುಣಿಸಿ. ಅಷ್ಟೇ ಅದರ ನಿಜವಾದ ತಾಕತ್ತು. ಹತ್ತು ವರ್ಷ ದಾಟಿದ್ದರೆ 80 ಪ್ಲಸ್ ಬ್ರಾಂಜ್ (ವಿದ್ಯುತ್ ದಕ್ಷತೆಯ ಗುರುತು) ದರ್ಜೆಯ 450 ವ್ಯಾಟ್ ಹೊಸದನ್ನು ಹಾಕಿ. ಎಸ್‌ಎಸ್‌ಡಿ, ರ‍್ಯಾಮ್ ಸುಡುವ ಹಳೆಯ ಎಸ್‌ಎಂಪಿಎಸ್ ಉಳಿಸಿ ಏನು ಲಾಭ?

ಧೂಳು, ಬಿಸಿ

ಸಂಡೂರು ಕಡೆಯ ಅದಿರಿನ ಕೆಂಧೂಳು, ಗಿಣಿಗೇರಾ ಸುತ್ತಲಿನ ಕಾರ್ಖಾನೆಗಳ ಕರಿಧೂಳು, ಗಂಗಾವತಿ-ಸಿಂಧನೂರಿನ ರೈಸ್ ಮಿಲ್ಲುಗಳ ಹೊಟ್ಟಿನ ಬೂದಿ, ರಾಯಚೂರು ಮಾರುಕಟ್ಟೆಯ ಸುತ್ತ ಹತ್ತಿಯ ನಾರು. ಊರಿಗೊಂದು ಬಗೆ. ಇವುಗಳಲ್ಲಿ ಹತ್ತಿ ನಾರು ಹೀಟ್‌ಸಿಂಕ್‌ಗೆ ಮಹಾ ವೈರಿ: ರೆಕ್ಕೆಗಳ ನಡುವೆ ಕಂಬಳಿಯಂತೆ ಕೂತು ಗಾಳಿಯನ್ನೇ ನಿಲ್ಲಿಸುತ್ತದೆ. ಮೇಲಿಂದ ಬ್ಲೋವರ್ ಹೊಡೆದರೆ ಇನ್ನೂ ಒಳಕ್ಕೆ ಒತ್ತುತ್ತದೆ. ಅದಕ್ಕೆ ಫ್ಯಾನ್ ಬಿಚ್ಚಿ, ಚಿಮಟದಿಂದ ಪದರವನ್ನು ಎತ್ತಿ ತೆಗೆಯಬೇಕು.

ಪವರ್ ವೈರ್ ಕಿತ್ತು, ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿದು, ಕ್ಯಾಬಿನೆಟ್ಟನ್ನು ಅಂಗಳಕ್ಕೆ ತನ್ನಿ. ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ಬ್ಲೋವರ್ ಹೊಡೆಯುವಾಗ ಪ್ರತಿ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದಿರಿ. ವೇಗಮಿತಿ ಮೀರಿ ತಿರುಗಿದರೆ ಬೇರಿಂಗ್ ಹಾಳಾಗುತ್ತದೆ. ಎಸ್‌ಎಂಪಿಎಸ್ ಡಬ್ಬಿಯನ್ನು ಹೊರಗಿನಿಂದಲೇ ಊದಿ, ಬಿಚ್ಚಬೇಡಿ, ಒಳಗಿನ ಕೆಪಾಸಿಟರ್‌ನಲ್ಲಿ ಪ್ಲಗ್ ತೆಗೆದ ಮೇಲೂ ಕರೆಂಟು ಉಳಿದಿರುತ್ತದೆ. ಒದ್ದೆ ಬಟ್ಟೆ ಬೋರ್ಡ್ ಹತ್ತಿರ ಸುಳಿಯದಿರಲಿ.

ಪ್ರೊಸೆಸರ್ ಮೇಲಿನ ಹಳೆಯ ಥರ್ಮಲ್ ಪೇಸ್ಟ್ ಒಣಗಿ ಸುಣ್ಣದಂತಾಗಿರುತ್ತದೆ. ಕೂಲರ್ ತೆಗೆಯುವ ಮುನ್ನ ಯಂತ್ರವನ್ನು ಹತ್ತು ನಿಮಿಷ ಓಡಿಸಿ ಬೆಚ್ಚಗೆ ಮಾಡಿದರೆ ಪೇಸ್ಟ್ ಸಡಿಲವಾಗುತ್ತದೆ. ಐಸೊಪ್ರೊಪೈಲ್ ಆಲ್ಕೋಹಾಲ್ ಮತ್ತು ನಾರು ಬಿಡದ ಬಟ್ಟೆಯಿಂದ ಒರೆಸಿ, ನಡುವಿನಲ್ಲಿ ಬಟಾಣಿಗಿಂತ ಚಿಕ್ಕ ಹನಿ ಹೊಸ ಪೇಸ್ಟ್ ಇಡಿ, ಬೆರಳಲ್ಲಿ ಹರಡಬೇಡಿ. ಇಂಟೆಲ್ ಸ್ಟಾಕ್ ಕೂಲರಿನ ನಾಲ್ಕು ಕಾಲನ್ನು ಎದುರುಬದುರು ಮೂಲೆಯಂತೆ ಒತ್ತಿ, ಟಕ್ ಎನ್ನಬೇಕು. ಆಮೇಲೆ ಬೋರ್ಡಿನ ಹಿಂಬದಿ ನೋಡಿ: ನಾಲ್ಕೂ ಪ್ಲಾಸ್ಟಿಕ್ ಮೊಳೆ ಪೂರ್ತಿ ಹೊರಬಂದಿರಬೇಕು. ಒಂದು ಕಾಲು ಕೂರದಿದ್ದರೂ ಆನ್ ಮಾಡಿದ ಸ್ವಲ್ಪ ಹೊತ್ತಿಗೇ ತಾಪ 90 ಮುಟ್ಟುತ್ತದೆ.

ಕ್ಯಾಬಿನೆಟ್ ನೆಲದ ಮೇಲೆ ಬೇಡ, ಕಸ ಗುಡಿಸುವ ಎತ್ತರದಿಂದ ಒಂದಡಿಯಾದರೂ ಮೇಲಿರಲಿ. ಮುಂದಿನ ಗಾಳಿ ಕಿಂಡಿಗೆ ಸೊಳ್ಳೆಪರದೆಯ ನೈಲಾನ್ ಜಾಲರಿ ಅಂಟಿಸಿ ಎರಡು ವಾರಕ್ಕೊಮ್ಮೆ ತೊಳೆಯಿರಿ. ಹಿಂದೆ ಖಾಲಿ ಸ್ಲಾಟ್‌ಗಳ ತಗಡು ಕಳೆದಿದ್ದರೆ ಮುಚ್ಚಿ. ಹಲ್ಲಿ ಒಳಗೆ ಹೋಗಿ ಬೋರ್ಡ್ ಶಾರ್ಟ್ ಆಗುವುದು ತಮಾಷೆಯ ಮಾತಲ್ಲ.

ಬೋರ್ಡಿನ ಗಡಿಯಾರ ನಡೆಸುವ ಗುಂಡಿಯಾಕಾರದ ಸಿಆರ್2032 ಬ್ಯಾಟರಿಯನ್ನೂ ಇದೇ ಹೊತ್ತಿಗೆ ಬದಲಿಸಿ. ದಿನಾ ಗೋಡೆಯ ಸ್ವಿಚ್ ಆರಿಸುವ ಮನೆಗಳಲ್ಲಿ ಅದು ಬೇಗ ಖಾಲಿಯಾಗುತ್ತದೆ. ಗಡಿಯಾರ ತಪ್ಪಿದರೆ ಬ್ರೌಸರ್ ಎಲ್ಲ ತಾಣಗಳಿಗೂ ಭದ್ರತಾ ದೋಷ ತೋರಿಸುತ್ತದೆ, ನೀವು ನೆಟ್‌ವರ್ಕ್ ದೂರುತ್ತಾ ಕೂರುತ್ತೀರಿ.

ಎಸ್‌ಎಸ್‌ಡಿ ಯಾವುದು

2.5 ಇಂಚಿನ ಸಾಟಾ ಎಸ್‌ಎಸ್‌ಡಿ, 480ರಿಂದ 512 ಜಿಬಿ. ಇದಿಷ್ಟೇ. ಎನ್‌ವಿಎಂಇ (ಚಪ್ಪಟೆ ಕಡ್ಡಿಯಂಥ ಹೊಸ ಬಗೆಯ ಎಸ್‌ಎಸ್‌ಡಿ) ಅಗ್ಗವಿದೆ ಎಂದು ಪಿಸಿಐಇ ಅಡಾಪ್ಟರ್ ಜೊತೆ ಕೊಂಡರೆ, ಎಚ್61 (ಎಚ್81ಕ್ಕಿಂತ ಹಳೆಯ ಚಿಪ್‌ಸೆಟ್), ಎಚ್81 ಬೋರ್ಡ್‌ಗಳ ಬಯಾಸ್ (ಯಂತ್ರವನ್ನು ಎಬ್ಬಿಸುವ, ಬೋರ್ಡಿನೊಳಗಿನ ಪ್ರೋಗ್ರಾಂ) ಸಾಮಾನ್ಯವಾಗಿ ಅದರಿಂದ ಬೂಟ್ ಮಾಡುವುದಿಲ್ಲ. ಲಿನಕ್ಸ್ ಎದ್ದ ಮೇಲೆ ಡೇಟಾ ಡಿಸ್ಕ್ ಆಗಿ ಕಾಣುತ್ತದೆ, ಅಷ್ಟೇ.

ಎಚ್81ರಲ್ಲಿ ಎರಡು ಪೋರ್ಟ್ ಸೆಕೆಂಡಿಗೆ 6 ಗಿಗಾಬಿಟ್, ಎರಡು 3 ಗಿಗಾಬಿಟ್. ಪೋರ್ಟ್ ಪಕ್ಕದಲ್ಲೇ ಬರೆದಿರುತ್ತದೆ, ಎಸ್‌ಎಸ್‌ಡಿಗೆ 6ರದ್ದೇ ಕೊಡಿ. ಎಚ್61ರಲ್ಲಿ ಎಲ್ಲವೂ 3ರವೇ. ಅಲ್ಲಿ ವೇಗ ಸೆಕೆಂಡಿಗೆ 270 ಎಂಬಿ ಆಸುಪಾಸಿಗೆ ನಿಲ್ಲುತ್ತದೆ, ಆದರೂ ಹಾಕಿ. ಯಂತ್ರ ನಿಧಾನವಾಗುವುದು ಸಣ್ಣ ಸಣ್ಣ ಕಡತಗಳನ್ನು ಹುಡುಕಿ ಓದುವುದರಲ್ಲಿ. ತಿರುಗುವ ಡಿಸ್ಕ್ ಸೆಕೆಂಡಿಗೆ ನೂರರಷ್ಟು ಸಲ ಜಾಗ ಹುಡುಕಬಲ್ಲದು, ಎಸ್‌ಎಸ್‌ಡಿ ಹತ್ತಾರು ಸಾವಿರ ಸಲ.

ಟಿಎಲ್‌ಸಿ (ಒಂದು ಕೋಶದಲ್ಲಿ ಮೂರು ಬಿಟ್ ಇಡುವ ಮೆಮೊರಿ) ಬಗೆಯದು, ಐದು ವರ್ಷದ ವಾರಂಟಿಯದು ಸಿಕ್ಕರೆ ಒಳ್ಳೆಯದು. ಹೆಸರೇ ಕೇಳದ ಕಂಪನಿಯ 2 ಟಿಬಿ ಎಸ್‌ಎಸ್‌ಡಿ ತೀರ ಅಗ್ಗಕ್ಕೆ ಸಿಕ್ಕರೆ ಅದರೊಳಗೆ ಹೆಚ್ಚಾಗಿ ಸಣ್ಣ ಮೆಮೊರಿ ಕಾರ್ಡ್ ಇರುತ್ತದೆ. ಎಫ್3 ಎಂಬ ಲಿನಕ್ಸ್ ಉಪಕರಣ ಪೂರ್ತಿ ಜಾಗ ಬರೆದು ಓದಿ ಸುಳ್ಳನ್ನು ಹಿಡಿದುಕೊಡುತ್ತದೆ. ಹಿಂತಿರುಗಿಸುವ ಗಡುವಿನೊಳಗೇ ಓಡಿಸಿ.

ರ‍್ಯಾಮ್

ಎಚ್81ರಲ್ಲಿ ಎರಡು ಸ್ಲಾಟ್, ಗರಿಷ್ಠ 16 ಜಿಬಿ. 8 ಜಿಬಿ ಕನಿಷ್ಠ, 16 ಆದರೆ ನಿಶ್ಚಿಂತೆ. ಒಂದೇ ಕಡ್ಡಿಗಿಂತ ಒಂದೇ ಅಳತೆಯ ಎರಡು ಕಡ್ಡಿ ಮೇಲು. ಡ್ಯುಯಲ್ ಚಾನೆಲ್ ಆದಾಗ ಪ್ರೊಸೆಸರಿನೊಳಗಿನ ಗ್ರಾಫಿಕ್ಸ್‌ಗೆ ಬೇಕಾದಷ್ಟು ಮೆಮೊರಿ ವೇಗ ಸಿಗುತ್ತದೆ.

ಇಲ್ಲಿ ಮೋಸ ಹೋಗುವ ಜಾಗ ಒಂದಿದೆ. ‘ಎಎಂಡಿಗೆ ಮಾತ್ರ’ ಎಂಬ 8 ಜಿಬಿ ಡಿಡಿಆರ್3 ಕಡ್ಡಿಗಳು ಆನ್‌ಲೈನ್‌ನಲ್ಲಿ ಅಗ್ಗವಾಗಿ ಸಿಗುತ್ತವೆ. ಅವುಗಳ ಚಿಪ್ ಜೋಡಣೆ ಬೇರೆ, ಇಂಟೆಲ್ ಬೋರ್ಡ್ ಅವನ್ನು ಗುರುತಿಸದೆ ಬೀಪ್ ಹೊಡೆಯುತ್ತದೆ. ಹಾಗೆಯೇ ಲ್ಯಾಪ್‌ಟಾಪ್‌ನ ಗಿಡ್ಡ ಕಡ್ಡಿ ಡೆಸ್ಕ್‌ಟಾಪ್ ಸ್ಲಾಟಿಗೆ ಕೂರದು. ಹೊಸ ಡಿಡಿಆರ್3 ಊರಲ್ಲಿ ಸಿಗದಿದ್ದರೆ ಬೆಂಗಳೂರಿನ ಎಸ್.ಪಿ. ರೋಡ್ ಇದೆ. ರಾಯಚೂರಿನವರಿಗೆ ಸಿಕಂದರಾಬಾದಿನ ಚೆನಾಯ್ ಟ್ರೇಡ್ ಸೆಂಟರ್ ಇನ್ನೂ ಹತ್ತಿರ. ಹಳೆಯ ಕಡ್ಡಿ ಕೊಂಡರೂ ಅಂಗಡಿಯಲ್ಲೇ ಯಂತ್ರಕ್ಕೆ ಹಾಕಿಸಿ ನೋಡಿ.

ಪ್ರೊಸೆಸರ್ ಬೇಕೇಬೇಕೆನಿಸಿದರೆ ಸೆಕೆಂಡ್‌ಹ್ಯಾಂಡ್ ಐ5 4570 ಒಳ್ಳೆಯ ಆಯ್ಕೆ: ನಾಲ್ಕು ಕೋರ್, 84 ವ್ಯಾಟ್. ಐ5 4590, ಐ7 4790 ಹಾಕುವವರು ಮೊದಲು ಹಳೆಯ ಪ್ರೊಸೆಸರ್ ಇರುವಾಗಲೇ ಬಯಾಸ್ ಅಪ್‌ಡೇಟ್ ಮಾಡಿಕೊಳ್ಳಬೇಕು, ಇಲ್ಲದಿದ್ದರೆ ಪರದೆ ಕಪ್ಪಗೇ ಉಳಿಯಬಹುದು. ಗ್ರಾಫಿಕ್ಸ್ ಕಾರ್ಡ್ ಹಾಕುವುದಾದರೆ ಎಎಂಡಿ ಆರ್‌ಎಕ್ಸ್ 550 ಹೊಂದುತ್ತದೆ. ಅದರ ಡ್ರೈವರ್ ಲಿನಕ್ಸ್‌ನ ತಿರುಳಾದ ಕರ್ನಲ್‌ನಲ್ಲೇ ಇದೆ, ಬೇರೆ ಪವರ್ ಕೇಬಲ್ ಬೇಡ. ಎನ್‌ವಿಡಿಯಾ ಜಿಟಿ 710 ತರಹದ ಹಳೆಯ ಕಾರ್ಡ್‌ಗಳು 470ನೇ ಡ್ರೈವರ್‌ಗೇ ನಿಂತಿವೆ, ಹೊಸ ಕರ್ನಲ್ ಬಂದಾಗಲೆಲ್ಲ ತಲೆನೋವು.

ಪ್ರತಿ ತೆಗೆಯುವುದು

ಕ್ಲೋನ್ ಮಾಡುವುದೋ (ಹಳೆಯ ಡಿಸ್ಕನ್ನು ಇದ್ದಂತೆಯೇ ಹೊಸದಕ್ಕೆ ನಕಲಿಸುವುದು), ಹೊಸದಾಗಿ ಮಿಂಟ್ ಹಾಕುವುದೋ? ಹಲವು ಆವೃತ್ತಿ ಮೇಲೆ ಮೇಲೆ ಏರಿಸಿದ ಹಳೆಯ ವ್ಯವಸ್ಥೆಯಾದರೆ ಹೊಸದಾಗಿ ಹಾಕುವುದೇ ಸರಿ. ಕ್ಲೋನ್ ಮಾಡುವ ಉಪಕರಣ ಕ್ಲೋನ್‌ಝಿಲ್ಲಾ ಸಾಮಾನ್ಯ ಕ್ರಮದಲ್ಲಿ ದೊಡ್ಡ ಡಿಸ್ಕ್‌ನಿಂದ ಚಿಕ್ಕ ಡಿಸ್ಕ್‌ಗೆ ಇಳಿಸುವುದಿಲ್ಲ. 1 ಟಿಬಿಯ ಮೂಲ ಇದ್ದರೆ ಜಿಪಾರ್ಟೆಡ್‌ನಲ್ಲಿ ಪಾರ್ಟಿಷನ್ (ಡಿಸ್ಕಿನ ಭಾಗ) ಕುಗ್ಗಿಸುವುದು ಮೊದಲಾಗಬೇಕು. ಕ್ಲೋನ್ ಮಾಡಿದರೂ ಮೊದಲ ಬೂಟ್‌ಗೆ ಮುನ್ನ ಹಳೆಯ ಡಿಸ್ಕ್‌ನ ಕೇಬಲ್ ಕಿತ್ತಿಡಿ. ಎರಡರ ಯುಯುಐಡಿ (ಪಾರ್ಟಿಷನ್ನಿನ ಗುರುತು ಸಂಖ್ಯೆ) ಒಂದೇ ಆಗಿರುವುದರಿಂದ ಲಿನಕ್ಸ್ ಯಾವುದರಿಂದ ಎದ್ದಿತೋ ತಿಳಿಯದ ಗೊಂದಲವಾಗುತ್ತದೆ.

ಪ್ರತಿಯನ್ನು ಇಎಕ್ಸ್‌ಟಿ4ಗೆ (ಲಿನಕ್ಸ್‌ನದೇ ಕಡತ ವ್ಯವಸ್ಥೆ) ಫಾರ್ಮ್ಯಾಟ್ ಮಾಡಿದ ಹೊರ ಡಿಸ್ಕ್‌ಗೇ ತೆಗೆಯಿರಿ. ಎಕ್ಸ್‌ಫ್ಯಾಟ್ ಪೆನ್‌ಡ್ರೈವ್‌ಗೆ ನೇರವಾಗಿ ಎಳೆದುಹಾಕಿದರೆ ಕಡತಗಳ ಒಡೆತನ, ಅನುಮತಿ, ಸಿಂಬಾಲಿಕ್ ಲಿಂಕ್ (ಬೇರೆ ಕಡತಕ್ಕೆ ದಾರಿ ತೋರುವ ಕೊಂಡಿ) ಎಲ್ಲ ಕಳೆದುಹೋಗುತ್ತವೆ. ಹೋಮ್ ಫೋಲ್ಡರಿನಲ್ಲಿ ಕಂಟ್ರೋಲ್ ಮತ್ತು ಎಚ್ ಕೀ ಒತ್ತಿದರೆ ಚುಕ್ಕಿಯಿಂದ ಶುರುವಾಗುವ ಅಡಗಿದ ಫೋಲ್ಡರ್‌ಗಳು ಕಾಣುತ್ತವೆ. ಫೈರ್‌ಫಾಕ್ಸ್‌ನ ಪಾಸ್‌ವರ್ಡ್, ಬುಕ್‌ಮಾರ್ಕ್ ಮಿಂಟ್‌ನಲ್ಲಿ ಡಾಟ್ ಮೊಝಿಲ್ಲಾ ಒಳಗಿವೆ. ಉಬುಂಟುವಿನಲ್ಲಿ ಸ್ನ್ಯಾಪ್ ಫೋಲ್ಡರಿನೊಳಗೆ ಹುಡುಕಬೇಕು. ತಾತ್ಕಾಲಿಕ ಕಡತಗಳ ಡಾಟ್ ಕ್ಯಾಶ್ ಫೋಲ್ಡರ್ ಬೇಡ.

ಕನ್ನಡದಲ್ಲಿ ಕೆಲಸ ಮಾಡುವವರು ಹೆಚ್ಚಾಗಿ ಮರೆಯುವುದು ಅಕ್ಷರಗಳನ್ನು. ಯುನಿಕೋಡ್‌ಗೆ ಮೊದಲಿನ ನುಡಿ, ಬರಹ ಫಾಂಟ್‌ಗಳಲ್ಲಿ ಬರೆದ ಹಳೆಯ ಅರ್ಜಿ, ಲಗ್ನಪತ್ರಿಕೆ, ಪಹಣಿ ಟಿಪ್ಪಣಿಗಳು ಆ ಫಾಂಟ್ ಇಲ್ಲದಿದ್ದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗಿ ತೆರೆಯುತ್ತವೆ. ಡಾಟ್ ಫಾಂಟ್ಸ್ ಫೋಲ್ಡರ್, ಮತ್ತು ಡಾಟ್ ಲೋಕಲ್ ಒಳಗಿನ ಶೇರ್, ಅದರೊಳಗಿನ ಫಾಂಟ್ಸ್ ಎರಡನ್ನೂ ಪ್ರತಿಗೆ ಸೇರಿಸಿ.

ಪ್ರತಿ ಮುಗಿದ ಮೇಲೆ ನಾಲ್ಕಾರು ಫೋಟೊ, ಒಂದೆರಡು ದಾಖಲೆಗಳನ್ನು ಬೇರೆ ಯಂತ್ರದಲ್ಲಿ ತೆರೆದು ನೋಡಿ.

ಜೋಡಿಸಿ, ಮಿಂಟ್ ಹಾಕುವ ಹಂತಗಳು

1. ಬೇರೆ ಕಂಪ್ಯೂಟರಿನಲ್ಲಿ 16 ಜಿಬಿ ಪೆನ್‌ಡ್ರೈವ್‌ಗೆ ವೆಂಟಾಯ್ (ಐಎಸ್‌ಒ ಕಡತಗಳಿಂದ ನೇರವಾಗಿ ಬೂಟ್ ಮಾಡಿಸುವ ಉಪಕರಣ) ಹಾಕಿ. ಅದರ ಮೇಲೆ ಲಿನಕ್ಸ್ ಮಿಂಟ್ 22 ಸರಣಿಯ ಐಎಸ್‌ಒ (ಇನ್‌ಸ್ಟಾಲ್ ಮಾಡುವ ಕಡತ), ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86+ ಮತ್ತು ಜಿಪಾರ್ಟೆಡ್ ಲೈವ್ ಬರೀ ನಕಲು ಮಾಡಿದರೆ ಸಾಕು. ಮಿಂಟ್ 22ಕ್ಕೆ 2029ರವರೆಗೆ ಬೆಂಬಲವಿದೆ. ಇಳಿಸಿಕೊಂಡ ಐಎಸ್‌ಒದ ಚೆಕ್‌ಸಮ್ (ಕಡತ ಕೆಟ್ಟಿಲ್ಲವೆಂದು ತೋರಿಸುವ ಸಂಖ್ಯೆ) ತಾಣದಲ್ಲಿ ಕೊಟ್ಟಿರುವುದಕ್ಕೆ ಹೋಲಿಸಿ. ಅರ್ಧಕ್ಕೆ ನಿಂತು ಮುಂದುವರಿದ ಡೌನ್‌ಲೋಡ್‌ಗಳು ಕೆಟ್ಟಿರುವುದು ಸಾಮಾನ್ಯ.

2. ಪ್ಲಗ್ ತೆಗೆದು ರ‍್ಯಾಮ್ ಕೂರಿಸಿ. ಒಣಹವೆಯ ದಿನಗಳಲ್ಲಿ ನೈಲಾನ್ ಸೀರೆ, ಪ್ಲಾಸ್ಟಿಕ್ ಕುರ್ಚಿಯಿಂದ ಮೈಯಲ್ಲಿ ಸ್ಟ್ಯಾಟಿಕ್ ಸೇರಿರುತ್ತದೆ. ಕಡ್ಡಿ ಮುಟ್ಟುವ ಮೊದಲು ಕ್ಯಾಬಿನೆಟ್‌ನ ಬಣ್ಣವಿಲ್ಲದ ತಗಡು ಮುಟ್ಟಿ.

3. ಮೆಮ್‌ಟೆಸ್ಟ್ ಎರಡು ಸುತ್ತು ಓಡಲಿ. ಒಂದೇ ಒಂದು ಕೆಂಪು ಸಾಲು ಬಂದರೂ ಆ ಕಡ್ಡಿ ವಾಪಸ್. ಕೆಟ್ಟ ರ‍್ಯಾಮ್ ಮೇಲೆ ಇನ್‌ಸ್ಟಾಲ್ ಮಾಡಿದರೆ ತಿಂಗಳ ಮೇಲೆ ಕಡತಗಳು ಕೆಡತೊಡಗುತ್ತವೆ, ಕಾರಣ ಹೊಳೆಯುವುದೇ ಇಲ್ಲ.

4. ಹಳೆಯ ಡಿಸ್ಕ್‌ನ ಡೇಟಾ ಕೇಬಲ್ ಕಿತ್ತಿಡಿ, ಎಸ್‌ಎಸ್‌ಡಿ ಮಾತ್ರ ಜೋಡಿಸಿ. ಇದನ್ನು ಬಿಡಬೇಡಿ. ಎರಡೂ ಇದ್ದರೆ ಇನ್‌ಸ್ಟಾಲರ್ ಬೂಟ್‌ಲೋಡರನ್ನು (ಲಿನಕ್ಸ್ ಎಬ್ಬಿಸುವ ಪ್ರೋಗ್ರಾಂ) ಹಳೆಯ ಡಿಸ್ಕ್‌ನ ಇಎಫ್‌ಐ ಪಾರ್ಟಿಷನ್‌ಗೆ ಬರೆಯುವುದುಂಟು. ಮುಂದೆ ಹಳೆಯ ಡಿಸ್ಕ್ ತೆಗೆದ ದಿನ ಯಂತ್ರ ಏಳುವುದೇ ಇಲ್ಲ. ಎಸ್‌ಎಸ್‌ಡಿಗೆ 3.5 ಇಂಚಿನ ಬ್ರಾಕೆಟ್ ಇಲ್ಲದಿದ್ದರೆ ಎರಡು ಸ್ಕ್ರೂಗಳಲ್ಲಿ ಒಂದು ಬದಿ ಬಿಗಿದರೂ ನಡೆಯುತ್ತದೆ, ಅದರಲ್ಲಿ ತಿರುಗುವ ಭಾಗ ಯಾವುದೂ ಇಲ್ಲ.

5. ಬಯಾಸ್‌ನಲ್ಲಿ ಸಾಟಾ ಮೋಡ್ ಎಎಚ್‌ಸಿಐ ಇರಲಿ, ಬೂಟ್ ಯುಇಎಫ್‌ಐ ಇರಲಿ. ಕರೆಂಟು ಬಂದಾಗ ತಾನೇ ಆನ್ ಆಗುವ ಆಯ್ಕೆಯನ್ನು ಪವರ್ ಆಫ್‌ಗೆ ಹಾಕಿ. ಕರೆಂಟು ಹೋಗಿ ಬಂದು ಆಟವಾಡುವ ಸಂಜೆಗಳಲ್ಲಿ ಡಿಸ್ಕ್ ಉಳಿಸುವ ಸೆಟ್ಟಿಂಗ್ ಇದು.

6. ಪೆನ್‌ಡ್ರೈವ್‌ನಿಂದ ಎದ್ದು, ಡಿಸ್ಕ್ ಪೂರ್ತಿ ಅಳಿಸಿ ಹಾಕುವ ಆಯ್ಕೆ ಕೊಡಿ. ಹೋಮ್‌ಗೆ ಬೇರೆ ಪಾರ್ಟಿಷನ್ ಮಾಡಬೇಕೆಂಬ ಹಳೆಯ ಸಲಹೆ ಈ ಜೋಡಣೆಗೆ ಬೇಡ. ಮೊದಲ ಬಳಕೆದಾರನಿಗೆ ಸಂಖ್ಯೆ 1000 ಸಿಗುತ್ತದೆ, ಹಳೆಯದರಲ್ಲೂ ನೀವೇ ಮೊದಲಿಗರಾಗಿದ್ದರೆ ಪ್ರತಿಯಿಂದ ತಂದ ಕಡತಗಳ ಒಡೆತನ ತಾನೇ ಹೊಂದುತ್ತದೆ.

7. ಅಪ್‌ಡೇಟ್ ಮುಗಿಸಿ, ಭಾಷೆಯ ಸೆಟ್ಟಿಂಗ್‌ನಲ್ಲಿ ಕನ್ನಡದ ಪ್ಯಾಕೇಜ್ ಹಾಕಿ. ಟೈಪಿಂಗ್ ವ್ಯವಸ್ಥೆಯಾದ ಐಬಸ್‌ನ ಎಂ17ಎನ್ ಪಟ್ಟಿಯಲ್ಲಿ ಕೆಜಿಪಿ ಆರಿಸಿದರೆ ನುಡಿ ಕೀಲಿಮಣೆಯ ಅಭ್ಯಾಸವೇ ಮುಂದುವರಿಯುತ್ತದೆ. ಆಮೇಲೆ ಫಾಂಟ್, ಬ್ರೌಸರ್, ದಾಖಲೆಗಳನ್ನು ಪ್ರತಿಯಿಂದ ತನ್ನಿ. ಸೆಟ್ಟಿಂಗ್‌ಗಳಿರುವ ಹಳೆಯ ಡಾಟ್ ಕಾನ್ಫಿಗ್ ಫೋಲ್ಡರ್ ಪೂರ್ತಿ ಸುರಿಯಬೇಡಿ, ಹಳೆಯ ಡೆಸ್ಕ್‌ಟಾಪ್‌ನ ಕಾಯಿಲೆಯೂ ಜೊತೆಗೆ ಬರುತ್ತದೆ.

ಎಸ್‌ಎಸ್‌ಡಿಗೆ ವಾರಕ್ಕೊಮ್ಮೆ ಟ್ರಿಮ್ ಮಾಡುವ (ಅಳಿಸಿದ ಜಾಗ ಯಾವುದೆಂದು ಅದಕ್ಕೆ ತಿಳಿಸುವ) ಕೆಲಸ ಮಿಂಟ್‌ನಲ್ಲಿ ಮೊದಲೇ ನಿಗದಿಯಾಗಿದೆ, ಏನೂ ಮಾಡಬೇಕಿಲ್ಲ. ಶೇಕಡಾ 10ರಷ್ಟು ಜಾಗ ಖಾಲಿ ಬಿಟ್ಟರೆ ಆಯಿತು.

ಎರಡನೇ ಡಿಸ್ಕ್

ಸ್ಮಾರ್ಟ್ ಪರೀಕ್ಷೆ ಗೆದ್ದ ಹಳೆಯ ಡಿಸ್ಕ್ ಅಥವಾ ಹೊಸ ಹಾರ್ಡ್ ಡಿಸ್ಕ್ ಈಗ ಜೋಡಿಸಿ. ಫೋಟೊ, ವಿಡಿಯೊ, ವ್ಯವಸ್ಥೆಯ ಪ್ರತಿ ತೆಗೆದಿಡುವ ಟೈಮ್‌ಶಿಫ್ಟ್‌ಗೆ ಇದು. ಪ್ರತಿ ಹೊರಗೆ ಭದ್ರವಾಗಿದೆ ಎಂದು ಖಚಿತವಾದ ಮೇಲೆ ಡಿಸ್ಕ್ಸ್‌ನಲ್ಲಿ ಇಎಕ್ಸ್‌ಟಿ4 ಮಾಡಿ. 2 ಟಿಬಿಗಿಂತ ದೊಡ್ಡದಾದರೆ ಪಾರ್ಟಿಷನ್ ಪಟ್ಟಿ ಜಿಪಿಟಿಯೇ ಆಗಬೇಕು.

ನಂತರ ಪಾರ್ಟಿಷನ್ ಆರಿಸಿ, ಗೇರ್ ಗುರುತಿನಲ್ಲಿ ಮೌಂಟ್ (ಡಿಸ್ಕನ್ನು ಬಳಕೆಗೆ ಜೋಡಿಸುವ) ಆಯ್ಕೆಗಳನ್ನು ತೆರೆದು, ‘ಯೂಸರ್ ಸೆಷನ್ ಡೀಫಾಲ್ಟ್ಸ್’ ಸ್ವಿಚ್ಚನ್ನು ಆಫ್ ಮಾಡಿ, ಸಿಸ್ಟಮ್ ಏಳುವಾಗಲೇ ಮೌಂಟ್ ಆಗಲಿ ಎಂದು ಗುರುತು ಹಾಕಿ. ಗುರುತಿಸುವುದು ಯುಯುಐಡಿಯಿಂದ. ಆಯ್ಕೆಗಳ ಸಾಲಿನಲ್ಲಿ ನೋಫೇಲ್ ಎಂಬ ಪದ ಇರಲೇಬೇಕು, ಡಿಸ್ಕ್ಸ್ ಅದನ್ನು ತಾನೇ ಸೇರಿಸುತ್ತದೆ. ಕೈಯಾರೆ ಎಫ್‌ಎಸ್‌ಟ್ಯಾಬ್ (ಮೌಂಟ್ ಆಗಬೇಕಾದ ಡಿಸ್ಕ್‌ಗಳ ಪಟ್ಟಿಯ ಕಡತ) ಬರೆಯುವವರು ಅದನ್ನು ಮರೆತರೆ, ಎರಡನೇ ಡಿಸ್ಕ್ ಸತ್ತ ದಿನ ಡೆಸ್ಕ್‌ಟಾಪ್ ಬರುವುದಿಲ್ಲ, ಎಮರ್ಜೆನ್ಸಿ ಮೋಡ್‌ನ ಕಪ್ಪು ಪರದೆ ಬರುತ್ತದೆ. ಹೊಸ ಡಿಸ್ಕ್‌ಗೆ ಬರೆಯಲು ಅನುಮತಿ ಇಲ್ಲವೆಂದರೆ ಅದರ ಒಡೆತನ ರೂಟ್ ಎಂಬ ಆಡಳಿತ ಖಾತೆಯದಾಗಿರುತ್ತದೆ; ಅದೇ ಗೇರ್ ಮೆನುವಿನಲ್ಲಿ ಒಡೆತನ ಪಡೆಯುವ ಆಯ್ಕೆ ಇದೆ.

ಟೈಮ್‌ಶಿಫ್ಟ್‌ಗೆ ಈ ಡಿಸ್ಕನ್ನೇ ತೋರಿಸಿ, ವಾರಕ್ಕೊಂದರಂತೆ ಮೂರು ಪ್ರತಿ ಸಾಕು. ಅದು ಕಾಯುವುದು ವ್ಯವಸ್ಥೆಯನ್ನು, ನಿಮ್ಮ ಫೋಟೊಗಳನ್ನಲ್ಲ. ಫೋಟೊಗಳಿಗೆ ಡೇಜಾ ಡಪ್ ಅಥವಾ ಅಂಥದ್ದೇ ಬೇರೆ ಬ್ಯಾಕಪ್, ಅದೂ ಕೆಲಸವಿಲ್ಲದಾಗ ಕಿತ್ತಿಡುವ ಹೊರ ಡಿಸ್ಕ್‌ಗೆ.

ಬೇಸಿಗೆ ಮಧ್ಯಾಹ್ನದ ಪರೀಕ್ಷೆ

ರಾತ್ರಿ ತಂಪಿನಲ್ಲಿ ಪರೀಕ್ಷಿಸಿ ಪಾಸ್ ಎನ್ನಬೇಡಿ. ಮಧ್ಯಾಹ್ನ ಎರಡರಿಂದ ನಾಲ್ಕರ ನಡುವೆ, ಮುಚ್ಚಳ ಹಾಕಿ, ವಿಡಿಯೊ ಓಡಿಸುತ್ತಾ ದೊಡ್ಡ ಕಡತ ನಕಲು ಮಾಡಿ. ತಾಪ ನೋಡಲು ಸಾಫ್ಟ್‌ವೇರ್ ಮ್ಯಾನೇಜರಿನಿಂದ ಪಿಸೆನ್ಸರ್ ಹಾಕಿಕೊಳ್ಳಿ. 40 ಡಿಗ್ರಿ ಕೋಣೆಯಲ್ಲಿ ಪ್ರೊಸೆಸರ್ ಸುಮ್ಮನಿದ್ದಾಗ 50ರ ಆಸುಪಾಸು, ದುಡಿಯುವಾಗ 80ರ ಒಳಗಿದ್ದರೆ ಸರಿ. 90 ದಾಟಿದರೆ ಕೂಲರ್ ಕಾಲು, ಪೇಸ್ಟ್, ಗಾಳಿಯ ದಿಕ್ಕು ಈ ಕ್ರಮದಲ್ಲಿ ನೋಡಿ. ಹಾರ್ಡ್ ಡಿಸ್ಕ್ 50 ದಾಟದಿರಲಿ. ಹೆಚ್ಚಿನ ಡಿಸ್ಕ್‌ಗಳ ಮಿತಿ 60.

ಪರದೆ ಬರದೆ ಬೀಪ್ ಬಂದರೆ ರ‍್ಯಾಮ್ ಕಡ್ಡಿ ತೆಗೆದು, ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಒಂದೊಂದೇ ಕಡ್ಡಿ ಹಾಕಿ ನೋಡಿ. ಎಸ್‌ಎಸ್‌ಡಿ ಒಮ್ಮೆ ಕಂಡು ಒಮ್ಮೆ ಮಾಯವಾದರೆ ಮೊದಲು ಪವರ್ ಕನೆಕ್ಟರ್ ಬದಲಿಸಿ. ಹಳೆಯ ಮೊಲೆಕ್ಸ್‌ನಿಂದ ಸಾಟಾಗೆ ತಿರುಗಿಸುವ ಅಗ್ಗದ ಕೊಂಡಿಗಳು ಕಾದು ಕರಗುವುದುಂಟು, ಅವನ್ನು ಬಳಸಲೇಬೇಡಿ.

ಹಳೆಯ ಡಿಸ್ಕ್ ಗುಜರಿಗೆ ಹೋಗುವುದಾದರೆ ಡಿಸ್ಕ್ಸ್‌ನ ಫಾರ್ಮ್ಯಾಟ್ ಆಯ್ಕೆಯಲ್ಲಿ ಪೂರ್ತಿ ಸೊನ್ನೆ ಬರೆಯುವುದನ್ನು ಆರಿಸಿ. 500 ಜಿಬಿಗೆ ಒಂದೆರಡು ಗಂಟೆ ಹಿಡಿಯುತ್ತದೆ. ಆಧಾರ್, ಬ್ಯಾಂಕ್ ಪಾಸ್‌ಬುಕ್ ಸ್ಕ್ಯಾನ್ ಮಾಡಿದ ಡಿಸ್ಕ್ ಬರೀ ಡಿಲೀಟ್ ಮಾಡಿ ಕೊಟ್ಟರೆ ಅವನ್ನು ಮರಳಿ ತೆಗೆಯುವುದು ಕಷ್ಟವಲ್ಲ. ಸೊನ್ನೆ ಬರೆಯುವಾಗಲೇ ಕೈಕೊಡುವಷ್ಟು ಕೆಟ್ಟಿದ್ದರೆ ಮುಚ್ಚಳ ಬಿಚ್ಚಿ, ಒಳಗಿನ ತಟ್ಟೆಗಳನ್ನು ಉಪ್ಪುಕಾಗದದಿಂದ ಎರಡೂ ಬದಿ ಉಜ್ಜಿ ಹಾಕಿ. ಕೆಲವು ತಟ್ಟೆ ಗಾಜಿನವಿರುತ್ತವೆ, ಸುತ್ತಿಗೆ ಹೊಡೆಯುವುದಾದರೆ ಕಣ್ಣಿಗೆ ಕನ್ನಡಕ ಇರಲಿ.